‘ಪಿಸು’ ಎಂದು ಕೇಳಿಸುವುದು ಯಾರಿಗೆ?

ಗಂಟಲು ಕೆಟ್ಟು ದನಿ ಪೂರ್ತಿ ಹೋದವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಎದುರಿಗಿರುವವರ ದನಿಯೂ ಜೊತೆಗೇ ಹೋಗಿಬಿಡುತ್ತದೆ. ನೆಗಡಿ ಇಳಿದು ನನ್ನ ದನಿ ಕಟ್ಟಿದ್ದಾಗ ಒಂದು ಕಚೇರಿಗೆ ಹೋಗಬೇಕಾಯಿತು. ಗಾಜಿನ ಈಚೆ ನಿಂತು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, ‘ಅರ್ಜಿ ಎಲ್ಲಿ ಕೊಡಬೇಕು?’ ಎಂದು ಕೇಳಿದೆ. ಆಚೆ ಕುಳಿತಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಮುಂದಕ್ಕೆ ಬಾಗಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣಾಡಿಸಿದರು. ಆಮೇಲೆ ನನ್ನಷ್ಟೇ ಸಣ್ಣಗೆ, ‘ಮೂರನೇ ಕೌಂಟರ್’ ಎಂದು ಪಿಸುಗುಟ್ಟಿದರು. ಮೂರನೇ ಕೌಂಟರಿನವರು ಇದನ್ನೆಲ್ಲ ನೋಡುತ್ತಿದ್ದರೋ ಏನೋ, ನಾನು ಬಾಯಿ ತೆರೆಯುವ ಮೊದಲೇ ಅವರೂ ದನಿ ನುಂಗಿಕೊಂಡು ‘ಏನು ವಿಷಯ?’ ಎಂದರು. ಸಾಲಿನಲ್ಲಿ ನನ್ನ ಹಿಂದಿದ್ದವರು ಮೊಬೈಲಿನಿಂದ ತಲೆಯೆತ್ತಿ ಒಂದು ಹೆಜ್ಜೆ ಹತ್ತಿರ ಬಂದರು. ವಿಳಾಸ ಬದಲಾವಣೆಯ ಅರ್ಜಿಗೆ ಇಷ್ಟೊಂದು ಗೌಪ್ಯದ ಮರ್ಯಾದೆ ಹಿಂದೆಂದೂ ದಕ್ಕಿರಲಾರದು.

ನನ್ನ ಕಿವಿಗೆ ಏನೂ ಆಗಿರಲಿಲ್ಲ. ಅದು ಅವರಿಗೆಲ್ಲ ಗೊತ್ತಿತ್ತು ಕೂಡ. ಆದರೂ ಮನೆಯವರು, ಪಕ್ಕದವರು, ಕೊನೆಗೆ ಫೋನಿನಲ್ಲಿ ದೂರದೂರಿನಿಂದ ಮಾತನಾಡುತ್ತಿದ್ದ ಗೆಳೆಯ, ಎಲ್ಲರೂ ನನ್ನೊಂದಿಗೆ ಪಿಸುಗುಟ್ಟಿದರು. ‘ನೀನೇಕೆ ಪಿಸುಗುಟ್ಟುತ್ತಿದ್ದೀಯ?’ ಎಂದು ಕೇಳಿದರೆ ಗೆಳೆಯ ಒಂದು ಕ್ಷಣ ತಡೆದು, ‘ಹೌದಲ್ಲ!’ ಎಂದು ಗಟ್ಟಿಯಾಗಿ ನಕ್ಕ. ಎರಡು ವಾಕ್ಯ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಿಸುದನಿ. ಮನುಷ್ಯರು ಕಲಿಯದೆಯೇ ಮಾಡುವ ಇದನ್ನು ಯಂತ್ರಕ್ಕೆ ಮಾತ್ರ ಕೂರಿಸಿ ಕಲಿಸಬೇಕಾಯಿತು. ಅಮೆಜಾನ್ ಕಂಪನಿಯ ಅಲೆಕ್ಸಾ ಎಂಬ ಧ್ವನಿ ಸಹಾಯಕ, ಯಾರಾದರೂ ಪಿಸುಗುಟ್ಟಿ ಕೇಳಿದರೆ ಪಿಸುಗುಟ್ಟಿಯೇ ಉತ್ತರ ಕೊಡುವುದನ್ನು ಕಲಿತದ್ದು 2018ರಲ್ಲಿ.

ಆ ದಿನಗಳಲ್ಲಿ ನನ್ನ ತಲೆಗೆ ಹುಳ ಬಿಟ್ಟವರು ವೈದ್ಯರು. ‘ಮಾತು ಕಡಿಮೆ ಮಾಡಿ. ಆಡಲೇಬೇಕಾದರೆ ಮೆಲ್ಲಗೆ ಆಡಿ, ಪಿಸುಗುಟ್ಟಬೇಡಿ’ ಎಂದಿದ್ದರು. ಮೆಲ್ಲಗೆ ಆಡುವುದು ಒಂದು, ಪಿಸುಗುಟ್ಟುವುದು ಇನ್ನೊಂದು ಎಂದು ಅವರು ಅಷ್ಟು ಸಲೀಸಾಗಿ ಬೇರೆ ಮಾಡಿದ್ದು ನನ್ನನ್ನು ಕಾಡಿತು. ನಿಘಂಟು ತೆರೆದರೆ ಪಿಸುಮಾತು ಎಂದರೆ ಮೆಲುಮಾತು ಎಂದು ಒಂದನ್ನು ಇನ್ನೊಂದರ ಮೇಲೆ ಒರಗಿಸಿ ಮುಗಿಸಿರುತ್ತಾರೆ. ಗಂಟಲಿಗೆ ಆ ಸಮೀಕರಣ ಒಪ್ಪಿಗೆಯಿಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದನಿಯ ತೊಂದರೆಯಿದ್ದ ನೂರು ಮಂದಿಯ ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದ್ದರು. ಪಿಸುಗುಟ್ಟಿದಾಗ 69 ಮಂದಿಯಲ್ಲಿ ಗಂಟಲಿನ ಬಿಗಿತ ಹೆಚ್ಚಾಯಿತು, 18 ಮಂದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, 13 ಮಂದಿಯಲ್ಲಿ ಕಡಿಮೆಯಾಯಿತು. ಅಂದರೆ ನನ್ನ ವೈದ್ಯರ ಮಾತು ಎಲ್ಲರಿಗೂ ಹೊಂದುವ ಕಟ್ಟಳೆಯಲ್ಲ, ಆದರೆ ಬಹುಪಾಲು ಜನರ ಪಾಲಿಗೆ ಪಿಸುಮಾತು ವಿಶ್ರಾಂತಿಯಲ್ಲ, ದುಡಿಮೆ.

ದನಿ ಕಳೆದ ಮಾತು

ಗಂಟಲಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ‘ಅಮ್ಮ’ ಎನ್ನಿ. ಎಷ್ಟೇ ಮೆಲ್ಲಗೆ ಎಂದರೂ ಬೆರಳಿಗೆ ಒಂದು ನಡುಕ ತಾಗುತ್ತದೆ. ಈಗ ಅದೇ ‘ಅಮ್ಮ’ವನ್ನು ಪಿಸುಗುಟ್ಟಿ. ಬೆರಳಿಗೆ ಏನೂ ತಾಗುವುದಿಲ್ಲ. ಮೆಲುಮಾತಿನಲ್ಲಿ ಧ್ವನಿತಂತುಗಳು ಕಂಪಿಸುತ್ತಲೇ ಇರುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ. ಪಿಸುಮಾತಿನಲ್ಲಿ ಅವು ಹತ್ತಿರ ಬಂದು, ನಡುವೆ ಸಣ್ಣ ಸಂದು ಬಿಟ್ಟು, ಕಂಪಿಸದೆ ಬಿಗಿಯಾಗಿ ನಿಲ್ಲುತ್ತವೆ. ಆ ಸಂದಿನಲ್ಲಿ ನುಗ್ಗುವ ಉಸಿರು ಸುಯ್ಯೆನ್ನುತ್ತದೆ. ನಾಲಿಗೆ, ತುಟಿ, ಹಲ್ಲುಗಳು ಎಂದಿನಂತೆ ತಮ್ಮ ಕೆಲಸ ಮಾಡಿ ಆ ಸುಯ್ಯನ್ನೇ ಮಾತಾಗಿ ಕಡೆಯುತ್ತವೆ. ಪಿಸುಮಾತು ದನಿ ತಗ್ಗಿಸಿದ ಮಾತಲ್ಲ, ದನಿಯನ್ನೇ ಕಳೆದ ಮಾತು.

ಇದರಿಂದ ಆಗುವ ತಮಾಷೆಗಳು ಒಂದೆರಡಲ್ಲ. ನಮ್ಮ ವರ್ಗೀಯ ವ್ಯಂಜನಗಳಲ್ಲಿ ಕಕಾರಕ್ಕೂ ಗಕಾರಕ್ಕೂ, ಪಕಾರಕ್ಕೂ ಬಕಾರಕ್ಕೂ ಇರುವ ಮುಖ್ಯ ಅಂತರವೇ ಆ ಕಂಪನ. ಪಿಸುಗುಟ್ಟಿದಾಗ ಅದು ಅಳಿಸಿಹೋಗುತ್ತದೆ. ‘ಗಾಳಿ’ ಎಂದು ಪಿಸುಗುಟ್ಟಿದರೆ ಅದು ‘ಕಾಳಿ’ಯ ಮಗ್ಗುಲಿಗೆ ಬಂದು ನಿಲ್ಲುತ್ತದೆ, ‘ಬಟ್ಟೆ’ ಹೋಗಿ ‘ಪಟ್ಟೆ’ಯಾಗುತ್ತದೆ. ಕೇಳುವವರು ಸಂದರ್ಭ ನೋಡಿಕೊಂಡು, ಉಚ್ಚಾರಣೆಯಲ್ಲಿ ಉಳಿದ ಸಣ್ಣಪುಟ್ಟ ಸುಳಿವು ಹಿಡಿದು ಸರಿಮಾಡಿಕೊಳ್ಳುತ್ತಾರೆ. ಪಿಸುಮಾತು ಕೇಳುವವರು ಕೇಳುವುದಕ್ಕಿಂತ ಹೆಚ್ಚು ಊಹಿಸುತ್ತಿರುತ್ತಾರೆ. ಇನ್ನು ಹಾಡು. ಮೆಲ್ಲಗೆ ಹಾಡಬಹುದು, ಪಿಸುಗುಟ್ಟಿ ಹಾಡಲಾಗದು. ಕಂಪನವೇ ಇಲ್ಲದಿರುವಾಗ ಶ್ರುತಿ ಎಲ್ಲಿಂದ ಬರಬೇಕು? ಪ್ರೀತಿಯ ಪಿಸುಮಾತಿಗೂ ಭಯದ ಪಿಸುಮಾತಿಗೂ ಕಿವಿಯಲ್ಲಿ ಅಷ್ಟಾಗಿ ಭೇದ ತಿಳಿಯದಿರುವುದಕ್ಕೂ ಇದೇ ಕಾರಣವಿರಬೇಕು ಎಂದು ನನ್ನ ಗುಮಾನಿ. ನಮ್ಮ ದನಿಯಲ್ಲಿ ಭಾವ ಹೊರುವ ಏರಿಳಿತವೆಲ್ಲ ಆ ತಂತುಗಳ ಪಾಲಿನದು.

ಉಸಿರಿನ ಈ ಮಾತಿಗೆ ವೈದ್ಯರು ಬೇರೆ ಉಪಯೋಗಗಳನ್ನೂ ಕಂಡುಕೊಂಡಿದ್ದಾರೆ. ರೋಗಿಯ ಹಿಂದೆ ಒಂದು ತೋಳಿನಳತೆ ದೂರದಲ್ಲಿ ನಿಂತು, ಉಸಿರನ್ನು ಪೂರ್ತಿ ಹೊರಬಿಟ್ಟು, ಕೆಲವು ಅಂಕಿ ಅಕ್ಷರಗಳನ್ನು ಪಿಸುಗುಟ್ಟಿ ಹಿಂದಕ್ಕೆ ಹೇಳಿಸುವುದು ಶ್ರವಣ ಪರೀಕ್ಷೆಯ ಸರಳ ವಿಧಾನ. ಮೊದಲು ಉಸಿರು ಬಿಡುವುದು ಪಿಸುಮಾತು ಜೋರಾಗದಿರಲಿ ಎಂದು. ಸ್ಟೆತಾಸ್ಕೋಪು ಎದೆಯ ಮೇಲಿಟ್ಟು ರೋಗಿಗೇ ಪಿಸುಗುಟ್ಟಲು ಹೇಳುವುದೂ ಉಂಟು. ಆರೋಗ್ಯವಂತ ಶ್ವಾಸಕೋಶದ ಮೂಲಕ ಆ ಪಿಸುಮಾತು ಅಸ್ಪಷ್ಟವಾಗಿ ಅಡಗಿಹೋಗುತ್ತದೆ. ನ್ಯುಮೋನಿಯಾದಿಂದ ಶ್ವಾಸಕೋಶದ ಭಾಗ ಗಟ್ಟಿಯಾಗಿದ್ದರೆ ಪದಗಳು ಬಿಡಿಬಿಡಿಯಾಗಿ ಕಿವಿಗೆ ಬರುತ್ತವೆ.

ಪದದ ನೆರೆಹೊರೆ

ಪಿಸುಮಾತಿನ ಅಕ್ಕಪಕ್ಕದ ಮನೆಗಳನ್ನು ಒಮ್ಮೆ ಸುತ್ತಿ ಬರಬೇಕು. ಮೆಲ್ಲಗೆ ಎನ್ನುವುದು ಮಾತಿಗೆ ಮಾತ್ರ ಸೇರಿದ್ದಲ್ಲ. ಮೆಲ್ಲಗೆ ನಡೆಯಬಹುದು, ಮೆಲ್ಲಗೆ ಬಾಗಿಲು ಹಾಕಬಹುದು. ಗೊಣಗುವುದರಲ್ಲಿ ದನಿಯಿದೆ, ಅಸಮಾಧಾನವಿದೆ, ಆದರೆ ಕೇಳಬೇಕಾದವರು ಯಾರೆಂಬುದು ಖಚಿತವಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಗಂಟೆಗಟ್ಟಲೆ ಗೊಣಗಬಹುದು, ಪಿಸುಗುಟ್ಟಲು ಮಾತ್ರ ಒಂದು ಕಿವಿ ಬೇಕು. ಕಿವಿ ಎಂದರೆ ನೆನಪಾಯಿತು, ಕಿವಿಮಾತು ಎಂಬ ಚೆಂದದ ಪದಕ್ಕೆ ನಾವು ಮಾಡಿರುವ ಗತಿ ನೋಡಿ. ಕಿವಿಯ ಹತ್ತಿರ ಬಾಯಿ ತಂದು ಹೇಳುವ ಹಿತದ ಮಾತು ಇಂದು ವೇದಿಕೆಯ ಮೇಲೆ ನಿಂತು, ಮೈಕಿನ ಮುಂದೆ, ಸಾವಿರ ಜನರಿಗೆ ಹೇಳುವ ಉಪದೇಶವಾಗಿದೆ. ಅದೇ ಕಿವಿಗೆ ಕೆಟ್ಟದ್ದನ್ನು ಹೇಳಿದರೆ ಕಿವಿಯೂದುವುದು. ಅದನ್ನು ಇವತ್ತಿಗೂ ಯಾರೂ ಮೈಕಿನಲ್ಲಿ ಮಾಡುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಉಸುರು ಎಂಬ ಕ್ರಿಯಾಪದ. ‘ಯಾರ ಬಳಿಯೂ ಉಸುರಬೇಡ’ ಎನ್ನುತ್ತೇವೆ. ‘ಉಸಿರೆತ್ತಬೇಡ’ ಎಂದೂ ಗದರುತ್ತೇವೆ. ಹೇಳುವುದಕ್ಕೂ ಉಸಿರಾಡುವುದಕ್ಕೂ ಒಂದೇ ಬೇರು. ಬರಿಯ ಉಸಿರಿನಿಂದ ಆಗುವ ಮಾತಿಗೆ ಅದಕ್ಕಿಂತ ನೇರವಾದ ಹೆಸರು ಸಿಗಲಾರದು. ಆದರೂ ಬಳಕೆಯಲ್ಲಿ ಗೆದ್ದದ್ದು ಉಸುರು ಅಲ್ಲ, ಪಿಸುಗುಟ್ಟು. (ಇದರೊಳಗೆ ರಹಸ್ಯ ಎಂಬರ್ಥದ ‘ಗುಟ್ಟು’ ಅಡಗಿದೆ ಎಂದು ಕೆಲವರು ಸಂಭ್ರಮಿಸುವುದುಂಟು. ಹಾಗಿದ್ದರೆ ಕಪ್ಪೆ ವಟಗುಟ್ಟುವುದರಲ್ಲಿ, ಸಂತೆ ಗಿಜಿಗುಟ್ಟುವುದರಲ್ಲಿ ಯಾವ ರಹಸ್ಯವಿದೆ? ಇದು ಸದ್ದಿನ ಅನುಕರಣೆಗಳನ್ನು ಕ್ರಿಯಾಪದವಾಗಿಸುವ ಗುಟ್ಟು, ಅಷ್ಟೇ.)

ಸದ್ದಿನ ಅನುಕರಣೆ ಎಂದೆ. ಯಾರು ಕೇಳಿದ ಸದ್ದಿನ ಅನುಕರಣೆ? ನನ್ನ ಕಿವಿಯಲ್ಲಿ ಯಾರೋ ‘ನಾಳೆ ಬೆಳಗ್ಗೆ ಹೊರಡೋಣ’ ಎಂದು ಪಿಸುಗುಟ್ಟಿದರೆ ನನಗೆ ‘ಪಿಸು ಪಿಸು’ ಕೇಳಿಸುವುದಿಲ್ಲ. ‘ನಾಳೆ ಬೆಳಗ್ಗೆ ಹೊರಡೋಣ’ ಎಂದೇ ಕೇಳಿಸುತ್ತದೆ. ‘ಪಿಸು ಪಿಸು’ ಕೇಳಿಸುವುದು ಎರಡು ಮಾರು ಆಚೆ ಕುಳಿತಿರುವ ಮೂರನೆಯವರಿಗೆ. ಸ್ವರಗಳು ದಾರಿಯಲ್ಲೇ ಕರಗಿ, ಸ, ಶ, ಚಗಳ ಹರಿತವಾದ ಸೀತ್ಕಾರ ಮಾತ್ರ ಅವರನ್ನು ತಲುಪುತ್ತದೆ. ನೆರೆಯ ಭಾಷೆಗಳಲ್ಲೂ ಇದೇ ಕಥೆ. ತೆಲುಗಿನ ಗುಸಗುಸ, ತಮಿಳಿನ ಕಿಸುಕಿಸು, ಹಿಂದಿಯ ಫುಸಫುಸ, ದೂರದ ಲ್ಯಾಟಿನ್ನಿನ ಸುಸುರ್ರುಸ್ ಕೂಡ. ಎಲ್ಲದರ ನಡುವೆಯೂ ಒಂದು ಸಕಾರ ಕುಳಿತಿದೆ. ಆಡುವವರಾಗಲಿ ಕೇಳುವವರಾಗಲಿ ಈ ಹೆಸರಿಟ್ಟಿರಲು ಸಾಧ್ಯವಿಲ್ಲ. ಇದು ಹೊರಗೆ ಉಳಿದವರು ಇಟ್ಟ ಹೆಸರು.

ಹಳಬರು ಇದನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂದರೆ, ವೇದದ ಉಚ್ಚಾರಣೆಯನ್ನು ಕುರಿತ ತೈತ್ತಿರೀಯ ಪ್ರಾತಿಶಾಖ್ಯವು ಮಾತಿಗೆ ಏಳು ನೆಲೆಗಳನ್ನು ಎಣಿಸುತ್ತದೆ: ಉಪಾಂಶು, ಧ್ವಾನ, ನಿಮದ, ಉಪಬ್ದಿಮತ್, ಮಂದ್ರ, ಮಧ್ಯಮ, ತಾರ. ಕೊನೆಯ ಮೂರು ಸಂಗೀತದವರಿಗೆ ಪರಿಚಿತ. ಮೊದಲ ಮೂರನ್ನು ನಾವು ಮರೆತಿದ್ದೇವೆ. ತುಟಿ ನಾಲಿಗೆಗಳು ಆಡುತ್ತವೆ, ಸದ್ದಿಲ್ಲ ಎಂದರೆ ಉಪಾಂಶು. ಸದ್ದಿದೆ, ಆದರೆ ಅಕ್ಷರ ವ್ಯಂಜನಗಳು ಬಿಡಿಯಾಗಿ ತಿಳಿಯುವುದಿಲ್ಲ ಎಂದರೆ ಧ್ವಾನ. ಅವು ತಿಳಿಯುವಂತಿದ್ದರೆ ನಿಮದ. ಆ ಗ್ರಂಥ ಇವನ್ನು ಮೆಟ್ಟಿಲುಗಳಂತೆ ಒಂದರ ಮೇಲೊಂದು ಇಡುತ್ತದೆ. ನನಗೆ ಅನ್ನಿಸುವುದು, ಪಿಸುಮಾತಿನ ವಿಶೇಷವೇ ಅದು ಒಂದೇ ಗಳಿಗೆಯಲ್ಲಿ ಎರಡು ಮೆಟ್ಟಿಲುಗಳ ಮೇಲೆ ನಿಲ್ಲುವುದರಲ್ಲಿದೆ. ಒಳಗಿನವರಿಗೆ ನಿಮದ, ಹೊರಗಿನವರಿಗೆ ಧ್ವಾನ. ಮೆಲುಮಾತಿಗೆ ಈ ಇಬ್ಬಂದಿ ಇಲ್ಲ. ಮೆಲ್ಲಗೆ ಆಡಿದ್ದು ದೂರ ಹೋದಂತೆ ಸುತ್ತಲಿನ ಗದ್ದಲದಲ್ಲಿ ಸೇರಿಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಪಿಸುಮಾತು ಮಾತ್ರ ತಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬುದನ್ನು ಸಾರಿಕೊಂಡೇ ಮುಚ್ಚಿಡುತ್ತದೆ.

ಮಂಚದ ಕಾಲಬಳಿ

ಹೊರಗೆ ಉಳಿದವರು ಎಂದಾಗಲೆಲ್ಲ ನನಗೆ ದೊಡ್ಡಮ್ಮ ನೆನಪಾಗುತ್ತಾರೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಚೇತರಿಸಿಕೊಳ್ಳುತ್ತಿದ್ದರು, ಯಾರಿಗೂ ಆತಂಕವಿರಲಿಲ್ಲ. ಮಧ್ಯಾಹ್ನ ಅವರು ಕಣ್ಣು ಮುಚ್ಚಿದ್ದರು. ಅವರ ಇಬ್ಬರು ಮಕ್ಕಳು ಮಂಚದ ಕಾಲಬಳಿ ನಿಂತು, ತಾಯಿಗೆ ಎಚ್ಚರವಾಗದಿರಲಿ ಎಂದು ಪಿಸುಗುಟ್ಟುತ್ತಿದ್ದರು. ವಿಷಯ ಇಷ್ಟೇ: ಆ ರಾತ್ರಿ ಯಾರು ಉಳಿಯುವುದು, ಮನೆಯ ಬೀಗದ ಕೈ ಯಾರ ಬಳಿ ಇರಬೇಕು. ನಾನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದೆ, ನನಗೆ ಎಲ್ಲ ಕೇಳಿಸುತ್ತಿತ್ತು. ದೊಡ್ಡಮ್ಮನ ಮುಖವೂ ಕಾಣಿಸುತ್ತಿತ್ತು. ರೆಪ್ಪೆಗಳು ಮುಚ್ಚಿಯೇ ಇದ್ದವು, ಆದರೆ ಅವುಗಳ ಅಡಿಯಲ್ಲಿ ಕಣ್ಣುಗುಡ್ಡೆಗಳು ಮಕ್ಕಳಿದ್ದ ಕಡೆಗೆ ಹೊರಳಿದ್ದವು. ಹೊದಿಕೆಯ ಅಂಚನ್ನು ಹಿಡಿದಿದ್ದ ಬೆರಳುಗಳು, ಮಕ್ಕಳ ಮಾತು ನಿಂತಾಗ ನಿಲ್ಲುತ್ತಿದ್ದವು, ಮತ್ತೆ ಶುರುವಾದಾಗ ಅಂಚನ್ನು ಮಡಿಚತೊಡಗುತ್ತಿದ್ದವು. ಅಷ್ಟರಲ್ಲಿ ಬಾಗಿಲ ಬಳಿ ದಾದಿಯೊಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು, ಕಾರಿಡಾರಿನಲ್ಲಿ ಯಾವುದೋ ಟ್ರಾಲಿ ಗಡಗಡ ಉರುಳಿತು. ದೊಡ್ಡಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆ ಸದ್ದುಗಳು ಅವರಿಗೆ ಸೇರಿದವಲ್ಲ. ಮಂಚದ ಕಾಲಬಳಿಯ ಆ ಸಕಾರಗಳು ಮಾತ್ರ ತಮಗೆ ಸೇರಿದವು ಎಂದು ಅವರಿಗೆ ಅನ್ನಿಸಿತ್ತು.

ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯದೆಯೇ, ‘ನನ್ನ ಕಿವಿ ಇನ್ನೂ ಕೆಲಸ ಮಾಡುತ್ತಿದೆ. ಎಷ್ಟು ದಿನ ಎಂದರು ಡಾಕ್ಟರು? ಅದನ್ನು ಗಟ್ಟಿಯಾಗಿ ಹೇಳಿಬಿಡಿ’ ಎಂದರು.

ಮಕ್ಕಳಿಬ್ಬರೂ ತಬ್ಬಿಬ್ಬಾದರು. ಬೀಗದ ಕೈಯ ವಿಷಯ ಎಂದು ಎಷ್ಟು ಹೇಳಿದರೂ ದೊಡ್ಡಮ್ಮ ನಂಬಲಿಲ್ಲ. ಮಗ ಜೇಬಿನಿಂದ ಬೀಗದ ಕೈಯ ಗೊಂಚಲನ್ನು ತೆಗೆದು ಕಣ್ಣಮುಂದೆ ಹಿಡಿದ. ಅವರು ಅದನ್ನು ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡರು, ‘ಹಾಗಾದರೆ ಇದು ನನ್ನ ಹತ್ತಿರವೇ ಇರಲಿ’ ಎಂದರು. ಮನೆಗೆ ಹೋಗಬೇಕಾಗಿದ್ದ ಮಗಳು ಆ ಗೊಂಚಲಿಗಾಗಿ ಅರ್ಧ ಗಂಟೆ ಓಲೈಸಬೇಕಾಯಿತು.

ಸಹಜ ದನಿಯಲ್ಲಿ ಆಡಿದ್ದರೆ ಅವರು ಬಹುಶಃ ನಿದ್ದೆಯನ್ನೇ ಮಾಡುತ್ತಿದ್ದರು. ಗದ್ದಲಕ್ಕೆ ಒಗ್ಗಿಕೊಳ್ಳುವ ಕಿವಿ ಪಿಸುಮಾತಿಗೆ ಒಗ್ಗುವುದಿಲ್ಲ. ಅರ್ಧ ಸಿಕ್ಕಿದ್ದನ್ನು ಪೂರ್ತಿ ಮಾಡಿಕೊಳ್ಳಲು ಅದು ಒದ್ದಾಡುತ್ತದೆ. ಪೂರ್ತಿ ಮಾಡಲು ಬೇಕಾದ ಸಾಮಗ್ರಿಯನ್ನು ತನ್ನ ಭಯದಿಂದಲೇ ತರುತ್ತದೆ. ಪಿಸುಗುಟ್ಟುವವರು ತಾವು ಯಾರನ್ನು ಉಳಿಸುತ್ತಿದ್ದೇವೆ ಎಂದುಕೊಂಡಿರುತ್ತಾರೋ ಅವರಿಗೇ ಈ ಕೆಲಸ ಹಚ್ಚಿರುತ್ತಾರೆ. ರೋಗಿಯ ಕೋಣೆಯಲ್ಲಿ ದನಿ ತಗ್ಗಿಸಿ ಮಾತನಾಡುವುದು ಒಂದು ಸೌಜನ್ಯ, ಪಿಸುಗುಟ್ಟುವುದು ಸೌಜನ್ಯದ ವೇಷದ ಇನ್ನೇನೋ. ಹೊರಗೆ ಹೋಗಿ ಗಟ್ಟಿಯಾಗಿ ಮಾತನಾಡುವುದು ಇದಕ್ಕಿಂತ ಎಷ್ಟೋ ಮೇಲು.

ಗೋಡೆ ಹಿಡಿದು ನಡೆಯುವ ಸಕಾರ

ಗೋಡೆಗೂ ಕಿವಿಯಿದೆ ಎಂಬ ಮಾತು ಅಕ್ಷರಶಃ ನಿಜವಾಗುವ ಕಟ್ಟಡಗಳಿವೆ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಮುಖ ಮಾಡಿ ಉಸುರಿದ್ದು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ತಲುಪುತ್ತದೆ. ಲಂಡನ್ನಿನ ಸೇಂಟ್ ಪಾಲ್ ಕ್ಯಾಥೆಡ್ರಲಿನ ಗುಮ್ಮಟದಲ್ಲೂ ಇಂಥದೇ ಗ್ಯಾಲರಿಯಿದೆ. ಅದರ ಗುಟ್ಟನ್ನು ಬಿಡಿಸಿದವರು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ. ಸದ್ದು ಗುಮ್ಮಟದ ನಡುವಿನಿಂದ ಹಾಯ್ದು ಹೋಗುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡು ತೆವಳುತ್ತದೆ ಎಂದು ಅವರು ತೋರಿಸಿದರು. 1921ರಲ್ಲಿ ಮೊದಲ ಬಾರಿಗೆ ವಿದೇಶಕ್ಕೆ ಹೋದ ಸಿ.ವಿ. ರಾಮನ್ ಕೂಡ ಅಲ್ಲಿಗೆ ಹತ್ತಿ, ಸದರ್ಲೆಂಡ್ ಎಂಬ ಸಹೋದ್ಯೋಗಿಯೊಂದಿಗೆ ಪ್ರಯೋಗ ಮಾಡಿ ಲೇಖನ ಪ್ರಕಟಿಸಿದರು. ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದುಕೊಂಡದ್ದೂ ಅದೇ ಪ್ರಯಾಣದಲ್ಲಿ. ಆ ನೀಲಿಯ ಕಥೆ ಎಲ್ಲರ ಬಾಯಲ್ಲಿದೆ, ಈ ಪಿಸುಮಾತಿನ ಕಥೆ ಯಾರಿಗೂ ನೆನಪಿಲ್ಲ.

ನನ್ನ ವಾದಕ್ಕೆ ಬೇಕಾದ ಎಳೆ ರೇಲೀಯವರ ವಿವರಣೆಯ ಒಳಗೇ ಇದೆ. ತರಂಗ ಎಷ್ಟು ಗಿಡ್ಡವೋ ಅಷ್ಟು ಬಿಗಿಯಾಗಿ ಗೋಡೆಗೆ ಅಂಟುತ್ತದೆ. ಸಾಮಾನ್ಯ ಮಾತಿನ ತಗ್ಗಿನ ಕಂಪನಗಳ ತರಂಗ ಉದ್ದ, ಅವು ಗೋಡೆ ಬಿಟ್ಟು ಚದುರುತ್ತವೆ. ಪಿಸುಮಾತಿನಲ್ಲಿ ತಗ್ಗಿನವು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದೆಲ್ಲ ಸುಯ್ಯೆನ್ನುವ ಗಿಡ್ಡ ತರಂಗಗಳು. ಹಾಗಾಗಿಯೇ ಅವು ಪಿಸುಗುಟ್ಟುವ ಗ್ಯಾಲರಿಗಳು, ಮಾತಿನ ಗ್ಯಾಲರಿಗಳಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಮಂಚದ ಕಾಲಬಳಿಯಿಂದ ದಿಂಬಿನವರೆಗೆ ನಡೆದು ಹೋದದ್ದೂ ಇದೇ ಸಕಾರ. ಅಂದಹಾಗೆ ಗೋಳಗುಮ್ಮಟದಲ್ಲಿ ಪಿಸುಗುಟ್ಟಿ ನೋಡಬೇಕೆಂದರೆ ಜನ ಬರುವ ಮೊದಲೇ ಹೋಗಬೇಕು. ಆಮೇಲೆ ಅಲ್ಲಿ ಚಪ್ಪಾಳೆ, ಶಿಳ್ಳೆ, ಪ್ರತಿಧ್ವನಿ ಕರೆಯುವ ಕೂಗು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಕೇಳಿಬರುತ್ತಿದೆ

ಪಿಸುಮಾತು ಅತಿ ಹೆಚ್ಚು ಅಚ್ಚಾಗುವುದು ಕವಿತೆಗಳಲ್ಲಿ ಎಂದುಕೊಂಡರೆ ತಪ್ಪು. ಅದು ರಾಜಕೀಯ ವರದಿಗಳಲ್ಲಿ. ‘ಸಂಪುಟ ಪುನಾರಚನೆ ಆಗಲಿದೆ ಎಂಬ ಪಿಸುಮಾತು ಪಕ್ಷದ ವಲಯದಲ್ಲಿ ಕೇಳಿಬರುತ್ತಿದೆ’ ಎಂಬ ವಾಕ್ಯವನ್ನು ಓದದೆ ಬೆಳೆದ ಕನ್ನಡಿಗರು ಯಾರಿದ್ದಾರೆ? ಕೊಂಚ ಗದ್ದಲ ಹೆಚ್ಚಿದ್ದರೆ ಅದೇ ‘ಗುಸುಗುಸು’ ಆಗುತ್ತದೆ. ಈ ವಾಕ್ಯದ ಕಸುಬುದಾರಿಕೆ ಮೆಚ್ಚುವಂಥದು. ‘ಕೇಳಿಬರುತ್ತಿದೆ’ ಎಂಬ ಕ್ರಿಯಾಪದದಲ್ಲಿ ಆಡಿದವರು ಇಲ್ಲ, ಕೇಳಿದವರೂ ಇಲ್ಲ. ಸದ್ದು ತಾನಾಗಿ ನಡೆದು ಬಂದಿದೆ.

ಆದರೆ ಮೇಲೆ ಹೇಳಿದ ಲೆಕ್ಕಕ್ಕೆ ಇದನ್ನು ಹಿಡಿದು ನೋಡಿ. ಹೊರಗೆ ನಿಂತವರಿಗೆ ಪಿಸುಮಾತಿನ ಸದ್ದು ಸಿಗುತ್ತದೆ, ಒಕ್ಕಣೆ ಸಿಗುವುದಿಲ್ಲ. ಈ ವರದಿಯಲ್ಲೋ, ಯಾರಿಗೆ ಯಾವ ಖಾತೆ, ಯಾರಿಗೆ ಕೊಕ್, ಯಾವ ವಾರ ಎಂಬುದೆಲ್ಲ ಪಂಕ್ತಿ ಪಂಕ್ತಿಯಾಗಿ ಇದೆ. ಅಕ್ಷರ ವ್ಯಂಜನಗಳು ಇಷ್ಟು ಸ್ಪಷ್ಟವಾಗಿ ತಿಳಿದಿವೆ ಎಂದ ಮೇಲೆ ಕೇಳಿದವರು ಹೊರಗಿನವರಲ್ಲ. ಯಾರೋ ಅವರ ಕಿವಿಗೆಂದೇ ಹೇಳಿದ್ದಾರೆ. ಬಹುಪಾಲು ಫೋನು ಮಾಡಿ, ತುಂಬು ದನಿಯಲ್ಲಿ, ‘ನನ್ನ ಹೆಸರು ಬೇಡ’ ಎಂಬ ಒಂದೇ ಷರತ್ತಿನೊಂದಿಗೆ. ಹಾಗಿರುವಾಗ ಅಲ್ಲಿ ಪಿಸುಗುಟ್ಟುತ್ತಿರುವುದು ಹೇಳಿದವರಲ್ಲ. ಮರುದಿನ ಬೆಳಗ್ಗೆ ಮುಖಪುಟದಲ್ಲಿ, ಮೂರು ಕಾಲಮ್ಮಿನ ತಲೆಬರಹದ ಕೆಳಗೆ, ಆ ಕೆಲಸ ಮಾಡುತ್ತಿರುವುದು ಪತ್ರಿಕೆಯೇ.